ಮೂರನೇ ಮಹಡಿಯ ಪಟ್ಟಿ

ಇದು ನಿಜವಾಗಿ ನಡೆದ ಕಥೆ. ಸುಧನ್ವ ಮಾತ್ರ ನಡೆಯಲಿಲ್ಲ. ತಿರುವನಂತಪುರದಲ್ಲಿ ರೈಲು ಹತ್ತಿ, ಎರ್ಣಾಕುಳಂನಲ್ಲಿ ಇಳಿದು, ಮೆಟ್ರೊ ಹಿಡಿದು ಕೊಚ್ಚಿಯ ಪಾಲಾರಿವಟ್ಟಂ ಸೇರಿದ. ಒಂದು ನಾಯಿಯ ವಿಚಾರಣೆಗೆ.

ನಾಯಿ ಅವನದಲ್ಲ, ಫ್ಲಾಟ್ ಅವನದು. ಮೈಸೂರಿನ ಸುಧನ್ವನಿಗೆ ಕೆಲಸ ತಿರುವನಂತಪುರದ ಕಳಕ್ಕೂಟಂ ಐಟಿ ಪಾರ್ಕಿನಲ್ಲಿ. ಮದುವೆಯಾದ ಮೇಲೆ ಕೊಚ್ಚಿಯಲ್ಲಿ ಇರೋಣವೆಂದು ಕೊಂಡ ಮನೆ ಅದು. ಮದುವೆ ನಿಶ್ಚಯದಲ್ಲೇ ಮುರಿಯಿತು. ಅತ್ತನೇ? ಇಲ್ಲ. ಕುಡಿದನೇ? ಹೌದು, ಚಹಾ, ನಾಲಗೆ ಸುಟ್ಟದ್ದೂ ತಿಳಿಯಲಿಲ್ಲ. ಕೂತವರ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಅವನಿಗೆ ಇಡಿಯಾಗಿ ಹಿಡಿದಿತ್ತು. ಮನೆಯನ್ನು ಬಾಡಿಗೆಗೆ ಕೊಟ್ಟು ತಾನು ಬಾಡಿ ಕೂತ.

ಬಾಡಿಗೆಗೆ ಬಂದವಳು ಕಾಸರಗೋಡಿನ ವಾರಿಜಾ, ಹೈಕೋರ್ಟಿನಲ್ಲಿ ಜೂನಿಯರ್ ವಕೀಲೆ. ಕೀ ಕೊಟ್ಟದ್ದು ಅಸೋಸಿಯೇಷನ್ ಸೆಕ್ರೆಟರಿ ಜುಬೈದಾ ಟೀಚರ್. ಸುಧನ್ವ ಅವಳನ್ನು ಕಂಡವನೇ ಅಲ್ಲ. "ನಲ್ಲಿ ಸೋರ್ತಾ ಉಂಟು" ಎಂದು ಅವಳು ಆಗಾಗ ಫೋನ್ ಮಾಡುವಳು; "ಪ್ಲಂಬರ್‌ಗೆ ಹೇಳ್ತೀನಿ" ಎಂದು ಇವನು ಇಡುವನು. ನಲ್ಲಿಯ ಮಾತು ನಲ್ಲ-ನಲ್ಲೆಯವರೆಗೆ ಹೋಗುವಷ್ಟು ಜೀವ ಅವನ ದನಿಯಲ್ಲಿರಲಿಲ್ಲ.

ಅಗ್ರಿಮೆಂಟ್ ಮುಗಿಯುತ್ತ ಬಂತು. ಮನೆ ಮಾರಿಬಿಡುತ್ತೇನೆಂದು ಟೀಚರಿಗೆ ಹೇಳಿದ. ಮಾರಿದರೆ ವಾರಿಜಾ ಜಾಗ ಖಾಲಿ ಮಾಡಬೇಕು. ಒಂಟಿ ಹುಡುಗಿಗೆ, ಅದರಲ್ಲೂ ವಕೀಲೆಗೆ, ಮನೆ ಕೊಡುವವರು ಕಡಿಮೆ. ಅದು ಗೊತ್ತಿದ್ದೂ ಅವನಿಗೆ ಏನೂ ಅನ್ನಿಸಲಿಲ್ಲ.

ಆಗ ಬಂತು ಟೀಚರ ಫೋನ್. ನಂಬರು ಹೊಸದು; ಗದರುವ ದನಿ ಅದೇ, ಮಗನಿಗೆ ಅನ್ನುವಂಥ 'ಮೋನೇ'ಯೂ ಅದೇ.

"ಮೋನೇ, ನಿನ್ನ ಫ್ಲಾಟಿನಲ್ಲಿ ನಾಯಿ! ರಿಜಿಸ್ಟರ್ ಮಾಡಿಸದೆ ಸಾಕುವ ಹಾಗಿಲ್ಲ. ಟೆನೆಂಟ್ ರೂಲ್ಸ್ ಮುರಿದರೆ ಉತ್ತರ ಹೇಳಬೇಕಾದದ್ದು ಓನರ್. ಶನಿವಾರ ಖುದ್ದಾಗಿ ಬಾ." ಮಾತಿನ ನಡುನಡುವೆ ಬೊಗಳುವುದೂ ಕೇಳಿಸಿತು.

ಶನಿವಾರ ಬಾಗಿಲು ತೆರೆದವಳ ಕಿವಿಯ ಹಿಂದೆ ಪೆನ್ನು ಇತ್ತು, ಕೂದಲು ಇನ್ನೂ ಒದ್ದೆ. ತುಟಿ ಬಿಗಿದಿದ್ದರೂ ಕಣ್ಣಲ್ಲಿ ನಗು ಜಾಮೀನಿಗೆ ಕಾಯುತ್ತಿತ್ತು.

"ನಾಯಿ ಎಲ್ಲಿ?"

"ನಮಸ್ಕಾರ ಎಲ್ಲ ಎಂತ ಇಲ್ವಾ ಮಾರಾಯ್ರೆ?"

"ನಮಸ್ಕಾರ. ನಾಯಿ ಎಲ್ಲಿ?"

"ಮಂಚದ ಅಡಿಯಲ್ಲಿ ನೋಡಿ."

ಬಗ್ಗಿ ನೋಡಿದ. ಬಾಲ್ಕನಿಯಿಂದ ಬೌ ಎಂದಿತು. ಬಾಲ್ಕನಿಗೆ ಹೋದ. ಅಡುಗೆಮನೆಯಿಂದ ಬೌ. ಅಡುಗೆಮನೆಯಲ್ಲಿ ವಾರಿಜಾ ಒಬ್ಬಳೇ, ಬಾಯಿಗೆ ಅಂಗೈ ಅಡ್ಡ ಹಿಡಿದು ನಿಂತಿದ್ದಳು.

"ಮೋನೇ," ಎಂದಳು, ಥೇಟ್ ಆ ಫೋನಿನ ಟೀಚರ್ ದನಿಯಲ್ಲಿ, "ಖುದ್ದಾಗಿ ಬಂದೆಯಲ್ಲ!"

ಅವನು ಮೊಣಕಾಲಿನ ಧೂಳು ಕೊಡವಿಕೊಂಡ. ಅವಳು ಅಳುಕಿದಳು. "ಸಿಟ್ಟು ಬಂತಾ?"

"ಇಲ್ಲ. ಈಗೀಗ ನಂಗೇನೂ ಬರಲ್ಲ."

ಅವಳ ಮುಖ ಸಣ್ಣದಾಯಿತು. "ಮನೆ ಮಾರ್ತೀರಂತೆ. ಅದಕ್ಕೆ ಮೊದ್ಲು ಒಮ್ಮೆ ನೋಡ್ಬೇಕಿತ್ತು."

"ಮನೇನಾ?"

"ಮನೆ ನಾನು ದಿನಾ ನೋಡ್ತೇನಲ್ಲ!"

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಏನಾದರೂ ಹೇಳಬೇಕೆಂದು ಕೇಳಿದ, "ನಲ್ಲಿ ಸರಿಹೋಯ್ತಾ?"

"ಅದು ಯಾವಾಗ್ಲೋ ಸರಿಯಾಗಿದೆ. ಆಮೇಲಿನ ಫೋನೆಲ್ಲ ಸುಳ್ಳು." ಅವಳು ಮುಖ ಆಚೆ ತಿರುಗಿಸಿದಳು. ಕಿವಿಯ ತುದಿ ಮಾತ್ರ ಕೆಂಪಗೆ ಈಚೆ ಉಳಿಯಿತು.

ಅಷ್ಟರಲ್ಲಿ ಅಸಲಿ ಜುಬೈದಾ ಟೀಚರ್ ಒಳಬಂದರು. "ಪಟ್ಟಿ ಸಿಕ್ಕಿತಾ?"

"ನಾಯಿಯನ್ನು ತಂದದ್ದು ನಾನಲ್ಲ," ಎಂದಳು ವಾರಿಜಾ ಸುಧನ್ವನತ್ತ ತಿರುಗಿ, "ನೀವು."

"ನಾನಾ?"

ಮನೆಯೊಳಗಿನ ಸಾಮಾನಿನ ಪಟ್ಟಿಯನ್ನು ಓನರ್ ಕೊಡಬೇಕೆಂಬುದು ಅಲ್ಲಿನ ನಿಯಮ. ಕಳೆದ ವಾರ ಟೀಚರ್ ಕೇಳಿದಾಗ ಸುಧನ್ವ ತನ್ನ ಮುರುಕು ಮಲಯಾಳದಲ್ಲಿ ವಾಯ್ಸ್ ಮೆಸೇಜ್ ಕಳಿಸಿದ್ದ. ಟೀಚರ್ ಗಾಬರಿಯಿಂದ ಅದನ್ನು ವಾರಿಜಾಗೆ ಕೇಳಿಸಿದ್ದರು.

"ಮಲಯಾಳದಲ್ಲಿ ಪಟ್ಟಿ ಅಂದ್ರೆ ನಾಯಿ, ಗೊತ್ತುಂಟಾ?" ಎಂದ ವಾರಿಜಾ ಗಂಟಲು ಸರಿಮಾಡಿಕೊಂಡಳು. ಈ ಸಲ ಹೊರಬಂದದ್ದು ಅವನದೇ ದನಿ: ಉಪ್ಪಿಲ್ಲದ, ಖಾರವಿಲ್ಲದ, ಲಿಫ್ಟಿನಲ್ಲಿ ಮಹಡಿ ಹೇಳುವಂಥ ದನಿ. "'ಟೀಚರೇ, ವಾರಿಜಾ ಹತ್ರ ಒಂದು ನಾಯಿ ಇದೆ. ಹಳೇ ನಾಯಿ. ಎಲ್ಲಾ ಪುಟಕ್ಕೂ ಸೈನ್ ಮಾಡಿದ್ದೀನಿ. ಸಾಲದಿದ್ರೆ ಜೆರಾಕ್ಸ್ ಮಾಡಿಸ್ಕೊಳ್ಳಿ.'"

ಸುಧನ್ವನ ಮೂಗಿನಿಂದ ಮೊದಲು ಒಂದು ಸಣ್ಣ ಸದ್ದು ಬಂತು. ಏನೆಂದು ಅವನಿಗೇ ತಿಳಿಯಲಿಲ್ಲ. ಆಮೇಲೆ ಹೊಟ್ಟೆ ಅಲುಗಿತು. ಪುಟಪುಟಕ್ಕೂ ಸಹಿ ಹಾಕಿಸಿಕೊಂಡು ನಿಂತ ಮುದಿ ನಾಯಿ ಕಣ್ಣೆದುರು ಬಂದದ್ದೇ, ಅಡುಗೆಕಟ್ಟೆ ಹಿಡಿದು ಕುಸಿದು ಕೂತ.

ಟೀಚರ್ ನಕ್ಕರು. ವಾರಿಜಾ ನಕ್ಕಳು. ಅವನ ನಗು ಇಬ್ಬರದನ್ನೂ ಮುಳುಗಿಸಿತು.

"ಹಾಗಾದರೆ ಮನೆ ಮಾರೋದು?" ಎಂದರು ಟೀಚರ್.

ಬೇಡವೆಂದು ಕೈಯಾಡಿಸಿದ. ಉಸಿರು ಸಿಕ್ಕಲಿಲ್ಲ. "ಇವ್ರು... ಇಲ್ಲೇ... ಇರ್ಲಿ."

ವಾರಿಜಾ ಅವನೆದುರು ಕುಕ್ಕರಗಾಲಲ್ಲಿ ಕೂತಳು. ಈಗ ಅವಳದು ಸ್ವಂತ ದನಿ, ಮೆತ್ತಗಿತ್ತು. "ಮತ್ತೆ ನೀವು?"

"ನಾನೂ," ಎಂದ. ಹೇಳಿದ್ದು ಕಿವಿಗೆ ಬಿದ್ದ ಮೇಲೆ ಮತ್ತೆ ನಗು ಒತ್ತರಿಸಿ ಬಂತು. ಪಕ್ಕದ ಫ್ಲಾಟಿನವರು ಬಾಗಿಲು ತೆರೆದು ಇಣುಕಿದರು. ಅವನು ಕಣ್ಣೊರೆಸಿಕೊಳ್ಳುತ್ತಾ ಅವರಿಗೂ ಕೈಬೀಸಿ, ಇನ್ನೂ ಜೋರಾಗಿ ನಕ್ಕ.