ಶಹಾಬಾದಿನ ನೇರಳೆ ಹೂ

ಕಲ್ಲಿನ ಪಾಲಿಶ್ ಮಷಿನ್ನಿನ ಸದ್ದು ನಿಂತಾಗಲೇ ಚೌಡೇಶನಿಗೆ ಗೇಟಿನ ಬಳಿ ಯಾರೋ ಹೆಂಗಸು ನಿಂತದ್ದು ಕಂಡಿತು. ಆಕೆಯ ಕೈಯಲ್ಲಿ ಒಂದು ದೊಡ್ಡ ಹೂಗೊಂಚಲು.

"ಈ ಹೂವಿನ ಬಣ್ಣ ಯಾವುದು, ಹೇಳ್ರಿ."

"ಗುಲಾಬಿ."

"ಊಟಿಯಿಂದ ನಾ ತಂದಾಗ ನೇರಳೆ ಇತ್ತು. ನಿಮ್ಮ ಕಲ್ಲಿನ ನೀರು ಗ್ವಾಡಿ ದಾಟಿ ನನ್ನ ಗಿಡಕ್ಕ ಬರಾಕತ್ತದ. ಮೂರು ಗಿಡದ ಬಣ್ಣ ಕೆಡಿಸೀರಿ."

ಹೆಸರು ಮಹಾನಂದಾ. ಹೆಣ್ಣುಮಕ್ಕಳ ಹೈಸ್ಕೂಲಿನ ವಿಜ್ಞಾನದ ಟೀಚರ್. ಚೌಡೇಶನ ಕಲ್ಲಿನ ಅಂಗಳದ ಹಿಂದಿನ ಬಾಡಿಗೆ ಮನೆಗೆ ಬಂದು ಒಂದು ವರ್ಷವಾಗಿತ್ತು. ಹೂವಿನ ಹೆಸರು ಹೈಡ್ರೇಂಜಿಯಾ.

ಚೌಡೇಶ ಕೈಗಂಟಿದ ಬಿಳಿ ಕೆಸರನ್ನು ಪ್ಯಾಂಟಿಗೆ ಒರೆಸಿಕೊಂಡು ಹೂವನ್ನು ತಿರುಗಿಸಿ ನೋಡಿದ. ಮೊಬೈಲಿನಲ್ಲಿ ಏನೋ ಹುಡುಕಿದ.

"ನೀರು ಬರೂದು ಖರೇ ಮೇಡಂ, ಇವತ್ತೇ ಕಾಲುವೆ ತೋಡಸ್ತೀನಿ. ಆದ್ರ ಬಣ್ಣದ ತಪ್ಪು ನಂದೊಬ್ಬಂದೇ ಅಲ್ಲ. ಈ ಊರೇ ಸುಣ್ಣದ ಕಲ್ಲಿನ ಮ್ಯಾಲೆ ಕುಂತದ. ಹುಳಿ ಮಣ್ಣಾದ್ರ ನೀಲಿ, ಸುಣ್ಣದ ಮಣ್ಣಾದ್ರ ಗುಲಾಬಿ ಅಂತ ಬರದಾರ ಇಲ್ಲಿ." ಸ್ವಲ್ಪ ತಡೆದು ಕೇಳಿದ, "ನಿಮ್ಮ ಸಾಲ್ಯಾಗ ಲಿಟ್ಮಸ್ ಪಾಠ ಯಾರು ಮಾಡ್ತಾರ್ರಿ?"

ಆಕೆ ತುಟಿ ಬಿಗಿಹಿಡಿದಳು. ಆದರೂ ನಗು ಕಣ್ಣಿನ ಅಂಚಿನಿಂದ ಜಾರಿಯೇ ಬಿಟ್ಟಿತು.

"ನಾನೇ ಮಾಡ್ತೀನಿ."

ಆ ವಾರ ಚಿಂಚೋಳಿಗೆ ಕಲ್ಲು ಹಾಕಲು ಹೋದ ಟೆಂಪೊ ಖಾಲಿ ಬರಲಿಲ್ಲ. ಆರು ಚೀಲ ಹುಳಿ ಗುಣದ ಕೆಂಪು ಮಣ್ಣು ಬಂತು. ಚೌಡೇಶ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಅರ್ಧಕ್ಕೆ ಕೊಯ್ದು ಕುಂಡ ಮಾಡಿಕೊಟ್ಟ. ಸಿಮೆಂಟಿನ ಕುಂಡದಲ್ಲೂ ಸುಣ್ಣವಿರುತ್ತದೆ ಎಂದು ಈ ಸಲ ಆಕೆಯೇ ಎಚ್ಚರಿಸಿದ್ದಳು. ಸುಣ್ಣದ ಬೋರಿನ ನೀರು ಹಾಕುವುದನ್ನು ಬಿಟ್ಟು, ಮಾಳಿಗೆಯ ಮಳೆನೀರನ್ನು ಹಿಡಿದಿಟ್ಟುಕೊಂಡರು. ಹದಿನೈದು ದಿನಕ್ಕೊಮ್ಮೆ, ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುವ ಪಟಿಕವನ್ನು ಬಕೆಟ್ಟಿನಲ್ಲಿ ಕರಗಿಸಿ ಬುಡಕ್ಕೆ ಹಾಕುವುದು. ಆ ಕೆಲಸ ಒಬ್ಬರಿಂದ ಆಗುವಂಥದ್ದೇ. ಆದರೂ ಇಬ್ಬರೂ ಇರುತ್ತಿದ್ದರು.

ಆಕೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಗ್ಗಿದಾಗ ಅವನು ಎಲೆ ನೋಡುತ್ತಿದ್ದ. ಅವನು ಎಲೆ ನೋಡುವಾಗ ಆಕೆ ಅವನನ್ನು.

"ಆ ಎಲ್ಯಾಗ ಏನರ ಬರದಾರೇನು? ಭಾಳ ಹೊತ್ತಿಂದ ಓದಾಕತ್ತೀರಿ."

"ಹುಳ ಅದಾವೇನಂತ ನೋಡ್ಲಿಕತ್ತಿದ್ದೆ."

"ಸಿಕ್ಕವೇನು?"

"ಇಲ್ಲ. ನಾಳಿನೂ ಬಂದು ನೋಡ್ತೀನಿ."

ಚೌಡೇಶನ ತಂದೆ ಕಲ್ಯಾಣಪ್ಪನವರ ಬಾಯಲ್ಲಿ ಹೈಡ್ರೇಂಜಿಯಾ 'ಹೈದ್ರಾಬಾದಿ ಹೂ' ಆಗಿತ್ತು. ಮಗ ಈಗ ದಿನಾ ಗಡ್ಡ ಹೆರೆಯುವುದನ್ನು ಕಂಡು ಕೂಲಿಯವರೆದುರೇ ಅಂದರು, "ಹದಿನೈದು ವರ್ಷ ಕಲ್ಲಿಗೆ ಪಾಲಿಶ್ ಮಾಡಿದವ, ಈಗ ಮಾರಿಗೆ ಮಾಡ್ಲಿಕತ್ತಾನ."

ಮಾರ್ಚಿನಲ್ಲಿ ಮೊದಲ ಗೊಂಚಲು ಬಿರಿಯಿತು. ಅಂಚಿನಲ್ಲಿ ತುಸು ನೀಲಿ, ನಡುವೆಲ್ಲ ನೇರಳೆ. ಇಬ್ಬರೂ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕುಳಿತು ನೋಡಿದರು.

ಅದೇ ವಾರ ಮಹಾನಂದಾಳಿಗೆ ಬಡ್ತಿಯ ಆರ್ಡರ್ ಬಂತು. ಸೇಡಂ ಬಳಿಯ ಶಾಲೆಗೆ ಹೆಡ್‌ಮಿಸ್ಟ್ರೆಸ್. ಹತ್ತು ವರ್ಷ ಕಾಯ್ದ ಹುದ್ದೆ. ಸುದ್ದಿ ಹೇಳಿ ಅವನ ಮುಖವನ್ನೇ ನೋಡಿದಳು.

"ಭಾಳ ಚೊಲೊ ಆತು," ಎಂದ ಚೌಡೇಶ. "ಗಿಡ ಒಯ್ಯಾಕ ನಮ್ಮ ಟೆಂಪೊ ತರ್ತೀನಿ."

"ಗಿಡದ ಚಿಂತಿ ಅಷ್ಟೇನು ನಿಮಗ?" ಎಂದವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂರು ದಿನ ಮಾತಿಲ್ಲ.

ಭಾನುವಾರ ಬೆಳಿಗ್ಗೆ ಟೆಂಪೊ ಬಂತು. ಕುಂಡಗಳಿಗೆ ಒದ್ದೆ ಗೋಣಿಚೀಲ ಸುತ್ತಿ ಹಿಂದೆ ಕಟ್ಟಿದ. ಮಹಾನಂದಾ ಮುಂದೆ ಕುಳಿತು ಕಿಟಕಿಯತ್ತ ಮುಖ ತಿರುಗಿಸಿದಳು. ವಾಡಿ ದಾಟಿತು. ಒಂದು ಎತ್ತಿನ ಗಾಡಿ ಇವರನ್ನು ಹಿಂದೆ ಹಾಕುವುದೊಂದೇ ಬಾಕಿ.

"ಇಷ್ಟು ಮೆಲ್ಲಗ ಯಾಕ ಹೊಡ್ಯಾಕತ್ತೀರಿ?" ಕೊನೆಗೆ ಆಕೆಯೇ ಕೇಳಿದಳು.

"ಹೂ ಉದುರ್ತಾವ."

"ಖರೇ ಹೇಳ್ರಿ."

ಚೌಡೇಶ ಗೇರು ಇನ್ನೊಂದು ಇಳಿಸಿದ. "ಸೇಡಂ ಲಗೂ ಬರಬಾರದು ಅಂತ."

ಆಕೆ ಅವನ ಕಡೆ ತಿರುಗಿದಳು.

"ಆವತ್ತೇ ಹೇಳಬೇಕಂತಿದ್ದೆ," ಎಂದ. "ನಾ ಬಾಯಿ ಬಿಟ್ರ ನೀವು ಆರ್ಡರ್ ವಾಪಸ್ ಮಾಡ್ತೀರೇನೋ ಅಂತ ಅಂಜಿಕಿ ಬಂತು. ನೌಕರಿ ಬಿಡಬ್ಯಾಡ್ರಿ. ನಾನೇ ಬರ್ತೀನಿ, ದಿನಾ ಬೇಕಾದ್ರೂ ಬರ್ತೀನಿ. ನನ್ನ ಲಗ್ನ ಆಗ್ತೀರೇನು, ಟೀಚರ್?"

ಚಿತ್ತಾಪುರದ ಮೊದಲ ಮನೆಗಳು ಕಾಣುತ್ತಿದ್ದವು. ಆಕೆ ಡ್ಯಾಶ್‌ಬೋರ್ಡಿನ ಮೇಲಿದ್ದ ಅವನ ಫೋನು ತೆಗೆದುಕೊಂಡು 'ಅಪ್ಪ' ಎಂಬ ಹೆಸರನ್ನು ಒತ್ತಿದಳು.

"ಹಲೋ, ಮಾವಾ," ಎಂದಳು.

ಟೆಂಪೊ ರಸ್ತೆಯ ಬದಿಗೆ ಸರಿದು ನಿಂತಿತು.

"ಮಾವಾ ಅಂದೇನವಾ?" ಎಂದು ಆ ಕಡೆಯಿಂದ ಕಲ್ಯಾಣಪ್ಪನವರು ಕೇಳಿದರು. "ಇನ್ನೊಮ್ಮೆ ಅನ್ನು. ಹೊರಗ ಮಷಿನ್ ಸಪ್ಪಳ ಭಾಳದ, ಬಂದ್ ಮಾಡಸ್ತೀನಿ."

ಮಹಾನಂದಾ ಫೋನಿನ ಸ್ಪೀಕರ್ ಹಾಕಿ ಚೌಡೇಶನ ಅಂಗೈಯ ಮೇಲಿಟ್ಟಳು. ತನ್ನ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ. ಮಷಿನ್ನು ನಿಲ್ಲುವವರೆಗೆ ಕಾಯ್ದು, ಇನ್ನೊಮ್ಮೆ ಅಂದಳು.