ಈರುಳ್ಳಿ ಮೇಲೆ ಹಾಕಿದ ತಪ್ಪು

"ಅಜ್ಜಿ, ನಾನೂ ಈರುಳ್ಳಿ ಬಿಡಿಸ್ತೀನಿ" ಎನ್ನುತ್ತಾ ವನಿತಾ ರಾಶಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು.

ಅಜ್ಜಿ ಚಿಕ್ಕಮಾದಮ್ಮ ಮೊಮ್ಮಗಳನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಈರುಳ್ಳಿ ವಾಸನೆ ಬಂದರೆ ಬೀದಿಯ ತುದಿಗೆ ಓಡುವ ಹುಡುಗಿ ಇವಳು. ಪಕ್ಕದ ಮನೆಯಲ್ಲಿ ನಾಳೆ ನಾಮಕರಣ. ಸಾರಿಗೆ ಬೇಕಾದ ಸಣ್ಣ ಈರುಳ್ಳಿಯನ್ನು ಬೀದಿಯ ಮನೆಮನೆಗೂ ಒಂದೊಂದು ಮಂಕರಿ ಹಂಚಿದ್ದರು. ವನಿತಾಳ ಅಮ್ಮ ತವರಿಗೆ ಹೋಗಿದ್ದರಿಂದ ಇವರ ಮನೆಯ ಪಾಲು ಅಜ್ಜಿಯ ತಲೆಗೇ ಬಂದಿತ್ತು.

"ಇದೇನಮ್ಮಿ, ಸೂರ್ಯ ಯಾವ ಕಡೆ ಉಟ್ಟಿದ್ದ ಇವತ್ತು?" ಎಂದಳು ಅಜ್ಜಿ.

ವನಿತಾ ತಲೆ ಬಗ್ಗಿಸಿ ಒಂದು ಈರುಳ್ಳಿ ಎತ್ತಿಕೊಂಡಳು. ಕಣ್ಣು ಬಿಡುವುದಕ್ಕೇ ಆಗುತ್ತಿರಲಿಲ್ಲ. ಯಾರೋ ಎರಡೂ ಕಣ್ಣಿಗೆ ಹಿಡಿ ಹಿಡಿ ಮರಳು ಎರಚಿದ ಹಾಗೆ ಚುಚ್ಚುತ್ತಿತ್ತು. ಬಲ್ಬು ನೋಡಿದರೆ ಸಾಕು, ನೀರು ದಳದಳ. ಕಾರಣ ಗೊತ್ತಾದರೆ ನಾಳೆಯ ಖೋ ಖೋ ಮ್ಯಾಚು ಗೋವಿಂದ. ಚಂದಕವಾಡಿಯ ಅವಳ ಶಾಲೆಗೆ ಕುದೇರಿನ ಹುಡುಗಿಯರು ಆಡಲು ಬರುತ್ತಿದ್ದರು. ಅವಳು ಟೀಮಿಗೆ ಸೇರಿದ್ದು ಇದೇ ಮೊದಲು. ಈರುಳ್ಳಿ ಮುಂದೆ ಕೂತವಳ ಕಣ್ಣೀರನ್ನು ಯಾರು ಕೇಳುತ್ತಾರೆ, ಹೇಳಿ!

ಕಾರಣ ಏನೆಂದರೆ, ಅವತ್ತು ಮಧ್ಯಾಹ್ನದ ಬಿಡುವಿನಲ್ಲಿ ಅವಳು ಅಪ್ಪನ ವೆಲ್ಡಿಂಗ್ ಶಾಪಿನ ಕಿಟಕಿಗೆ ಹೋಗಿ ನಿಂತಿದ್ದಳು. ಆ ನೀಲಿ ಬೆಳಕನ್ನು ನೋಡಲೇಬಾರದು ಎಂದು ಅಪ್ಪ ನೂರು ಸಲ ಹೇಳಿದ್ದ. ಆದರೆ ವನಿತಾ ಬರಿಗಣ್ಣಲ್ಲಿ ಎಲ್ಲಿ ನೋಡಿದಳು? ಅಜ್ಜಿಯ ಮೊಣಕಾಲಿನ ಎಕ್ಸ್‌ರೇ ಹಾಳೆ ಹಿಡಿದುಕೊಂಡು ನೋಡಿದಳು. ಗ್ರಹಣದ ದಿನ ಬೀದಿಯ ದೊಡ್ಡವರೇ ಅದರಲ್ಲಿ ಸೂರ್ಯನನ್ನು ನೋಡಿದ್ದರಲ್ಲ! ಹಾಳೆಯ ಹಿಂದೆ, ಅಪ್ಪ ಬೆಸುಗೆ ಹಾಕುತ್ತಿದ್ದ ಗೇಟಿನ ಮೇಲೆ ಕಿಡಿಗಳು ಚಿಟಚಿಟ ಹಾರುವುದು ಎಷ್ಟು ಚೆಂದ ಇತ್ತೆಂದರೆ, ಶಾಲೆಯ ಬೆಲ್ ಹೊಡೆಯುವ ತನಕ ಅಲ್ಲಾಡಲಿಲ್ಲ. ಆಗ ಕಣ್ಣಿಗೆ ಏನೂ ಆಗಿರಲಿಲ್ಲ. ದೀಪ ಹಾಕುವ ಹೊತ್ತಿಗೆ ಶುರುವಾಯಿತು ಉರಿ.

ಅಷ್ಟರಲ್ಲಿ ಅಪ್ಪ ಚಂದ್ರಕುಮಾರ್ ಶಾಪಿನಿಂದ ಬಂದ. ಕೈಕಾಲು ತೊಳೆದವನೇ ಸೀದಾ ಬಂದು ರಾಶಿಯ ಇನ್ನೊಂದು ಬದಿಗೆ ಕೂತ. "ಕೊಡವ್ವ, ನಾನೂ ಒಂದೆರಡು ಬಿಡಿಸ್ತೀನಿ" ಎಂದ.

ಅಜ್ಜಿಯ ಕೈಯಲ್ಲಿದ್ದ ಈರುಳ್ಳಿ ಅಲ್ಲೇ ನಿಂತಿತು. ಈ ಗಂಡಸು ಹುಟ್ಟಿದಾಗಿನಿಂದ ಈರುಳ್ಳಿ ಮುಟ್ಟಿದವನಲ್ಲ. ಅವಳು ಮಗನ ಮುಖ ನೋಡಿದಳು, ಕಣ್ಣು ಕೆಂಡ. ಮೊಮ್ಮಗಳ ಮುಖ ನೋಡಿದಳು, ಅದೂ ಕೆಂಡ. ಇಬ್ಬರೂ ಒಂದೇ ಥರ ಮೂಗು ಒರೆಸಿಕೊಂಡರು.

"ಲೋ ಚಂದ್ರ, ಇನ್ನೂ ಒಂದು ಈರುಳ್ಳಿ ಸಿಪ್ಪೆ ಸುಲಿದಿಲ್ವಲ್ಲಾ ನೀನು? ಆಗ್ಲೇ ಅಳ್ತಿದ್ದೀಯೆ?" ಎಂದಳು ಅಜ್ಜಿ. "ಈ ಮನೇಲಿ ಸುಳ್ಳು ಹೇಳೋಕೂ ಅಪ್ಪ ಮಗಳಿಗೆ ಒಂದೇ ದಾರಿ ಕಣ."

ಆಮೇಲೆ ಎಲ್ಲ ಹೊರಬಂತು. ಅಪ್ಪನದೂ ಬಂತು. ಕಬ್ಬಿಣ ಅಲ್ಲಾಡದಿರಲಿ ಎಂದು ಮೊದಲು ಅಲ್ಲಲ್ಲಿ ಒಂದೊಂದು ಚುಕ್ಕೆ ಬೆಸುಗೆ ಹಾಕಬೇಕು. ಒಂದು ಚುಕ್ಕೆಗೆ ಮುಖಕ್ಕೆ ಹಿಡಿಯುವ ಶೀಲ್ಡ್ ಯಾಕೆ ಎಂದು ಅಪ್ಪ ಮುಖ ತಿರುಗಿಸಿ, ಕಣ್ಣು ಮುಚ್ಚಿ ಹೊಡೆದುಬಿಡುತ್ತಿದ್ದ. ಇವತ್ತಂತೂ ದೊಡ್ಡ ಗೇಟು, ಲೆಕ್ಕವಿಲ್ಲದಷ್ಟು ಚುಕ್ಕೆ. ನಾಳೆಯೇ ಗೇಟು ಕೊಡಬೇಕಿತ್ತು. ಕಣ್ಣು ಉರಿಯುತ್ತಿದೆ ಎಂದರೆ ಅವ್ವ ಶಾಪಿಗೆ ಕಳಿಸುವುದಿಲ್ಲ, ಅದಕ್ಕೇ ಸುಮ್ಮನಿದ್ದ.

ಬೆಳಿಗ್ಗೆ ಅಜ್ಜಿ ಇಬ್ಬರನ್ನೂ ಒಂದೊಂದು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ನಡೆಸಿಕೊಂಡು ಹೋದಳು. ಡಾಕ್ಟರಮ್ಮ ಇಬ್ಬರ ಕಣ್ಣಿಗೂ ಟಾರ್ಚ್ ಹಾಕಿ ನೋಡಿ, ಡ್ರಾಪ್ಸ್ ಬರೆದುಕೊಟ್ಟರು.

"ನೇರಳಾತೀತ ಕಿರಣ ಅಂತ ಇರುತ್ತೆ ಪುಟ್ಟಾ. ಬಿಸಿಲಲ್ಲೂ ಇರುತ್ತೆ, ವೆಲ್ಡಿಂಗಲ್ಲಿ ತುಂಬ ಜೋರಾಗಿರುತ್ತೆ" ಎಂದರು. "ಅದು ಕಣ್ಣಿಗೆ ಕಾಣಲ್ಲ. ಉರಿ ಗೊತ್ತಾಗೋ ಹೊತ್ತಿಗೆ ಕಣ್ಣಿನ ಮೇಲ್ಪದರ ಸುಟ್ಟಿರುತ್ತೆ."

ಎಕ್ಸ್‌ರೇ ಹಾಳೆ ಇತ್ತಲ್ಲ ಎಂದು ವನಿತಾ ಮೆಲ್ಲಗೆ ಕೇಳಿದಳು. ಹಾಳೆ ಬೆಳಕನ್ನು ಮಂಕು ಮಾಡುತ್ತದೆಯೇ ಹೊರತು ಆ ಕಿರಣವನ್ನು ನೆಚ್ಚುವ ಹಾಗೆ ತಡೆಯುವುದಿಲ್ಲ, ಮಂಕಾಗಿದೆ ಎಂದು ಕಣ್ಣು ಇನ್ನಷ್ಟು ಅಗಲವಾಗಿ ತೆರೆದುಕೊಳ್ಳುತ್ತದೆ ಎಂದರು ಡಾಕ್ಟರಮ್ಮ. ಇವಳದು ಒಂದೆರಡು ದಿನದಲ್ಲಿ ವಾಸಿಯಾಗುತ್ತದಂತೆ. ಅಪ್ಪನ ಕಡೆ ತಿರುಗಿದಾಗ ಮಾತ್ರ ಅವರ ದನಿ ಗಟ್ಟಿಯಾಯಿತು. ರೆಪ್ಪೆ ಮುಚ್ಚುವ ಮೊದಲೇ ಬೆಳಕು ಒಳಗೆ ಹೋಗಿರುತ್ತದೆ, ವರ್ಷಗಟ್ಟಲೆ ಹೀಗೇ ಮಾಡಿದರೆ ಬೇಗ ಪೊರೆ ಬರಬಹುದು, ಒಂದೇ ಚುಕ್ಕೆಯಾದರೂ ಶೀಲ್ಡ್ ಇಲ್ಲದೆ ಬೇಡ ಎಂದರು.

ಮ್ಯಾಚು ಹೋಯಿತು. ನೆರಳಿನಲ್ಲಿ ಕಣ್ಣು ಮುಚ್ಚಿ ಕೂರುವುದಾದರೆ ಹೋಗಬಹುದು ಎಂದು ಡಾಕ್ಟರಮ್ಮ ಹೇಳಿದ್ದರಿಂದ, ಶಾಲೆಯ ಹೊಂಗೆ ಮರದ ಕೆಳಗೆ ಅಪ್ಪ ಮಗಳು ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ಕೂತರು. ಕಾಮೆಂಟರಿ ಅಜ್ಜಿಯದು. ಅವಳು ಜನ್ಮದಲ್ಲಿ ಖೋ ಖೋ ನೋಡಿದವಳಲ್ಲ.

"ಒಬ್ಬಳು ಓಡ್ತಾವ್ಳೆ. ಇನ್ನೊಬ್ಬಳು ಅಟ್ಟಿಸ್ಕೊಂಡು ಓಯ್ತಾವ್ಳೆ. ಮಿಕ್ಕೋರೆಲ್ಲ ಸುಮ್ಕೆ ಕುಂತವ್ರೆ, ಒಬ್ಳೂ ಬುಡ್ಸಕ್ಕೆ ಓಗ್ತಿಲ್ಲ."

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ವನಿತಾಳಿಗೂ ನಗು ಬಂತು. ಅವಳ ಜಾಗದಲ್ಲಿ ಆಡಿದ ಭಾನು ಕೊನೆಯ ಹುಡುಗಿಯನ್ನು ಔಟ್ ಮಾಡಿದಾಗ ಮೈದಾನವೆಲ್ಲ ಅವಳ ಹೆಸರು ಕೂಗಿತು. ವನಿತಾ ಜೋರಾಗಿ ಚಪ್ಪಾಳೆ ತಟ್ಟಿದಳು. ಖುಷಿಯೂ ಆಯಿತು, ಒಳಗೊಳಗೇ ಹೊಟ್ಟೆಯುರಿಯೂ ಆಯಿತು.

ಅಜ್ಜಿ ಭಾನುವಿನ ಬೆನ್ನು ತಟ್ಟಲು ಎದ್ದುಹೋದಳು. ಮರದ ಕೆಳಗೆ ಇಬ್ಬರೇ ಉಳಿದರು.

"ಅಪ್ಪ, ನಿಂಗಿನ್ನೂ ಉರೀತಿದ್ದದಾ?"

"ಏನಿಲ್ಲ ಬುಡು..." ಎಂದವನು ಅಲ್ಲಿಗೇ ನಿಲ್ಲಿಸಿದ. "ಉರೀತದೆ ಕಣಮ್ಮಿ" ಎಂದ. "ರಾತ್ರಿಯೆಲ್ಲ ಉರೀತು."

ಧೂಳು ಬಿತ್ತು ಎಂದು, ಹೊಗೆ ಹೋಯಿತು ಎಂದು, ನಿದ್ದೆ ಕಮ್ಮಿಯಾಯಿತು ಎಂದು ನೆಪ ಹೇಳಿ ಅಪ್ಪ ಕೆಂಪು ಕಣ್ಣಿನಲ್ಲಿ ಊಟಕ್ಕೆ ಕೂರುತ್ತಿದ್ದ ಸಂಜೆಗಳು ವನಿತಾಳಿಗೆ ಒಂದೊಂದಾಗಿ ನೆನಪಾದವು. ಆ ಉರಿಗಣ್ಣಲ್ಲೇ ಕೂತು ಅವಳಿಗೆ ಲೆಕ್ಕ ಹೇಳಿಕೊಡುತ್ತಿದ್ದ. ಅವಳು ತಡಕಾಡಿ ಅಪ್ಪನ ಕೈ ಹುಡುಕಿದಳು. ಸಿಕ್ಕಿತು. ಗಟ್ಟಿಯಾಗಿ ಹಿಡಿದುಕೊಂಡಳು.