ಕಟ್ಟಿದ ಹಗ್ಗ, ಕಾಣದ ಕೈ

"ರೀ... ಸ್ವಲ್ಪ ಆ ಕಡೆ ಸರೀತೀರಾ? ಫ್ರೇಮಿಗೆ ಅಡ್ಡ ಬರ್ತಿದ್ದೀರ!"

ಅವನು ಅವಳಿಗೆ ಹೇಳಿದ ಮೊದಲ ಮಾತೇ ಅದು.

ಲಾಂಚ್ ಆಗಷ್ಟೇ ದಡಕ್ಕೆ ತಾಗಿತ್ತು. ಹೆಗಲಲ್ಲಿ ಟಿಕೆಟ್ ಚೀಲ, ಕೈಯಲ್ಲಿ ಹಗ್ಗ. ಅವಳು ಕಟ್ಟೆಗೆ ಜಿಗಿದಿದ್ದಳು. ಜನರನ್ನು ಹೊಳೆ ದಾಟಿಸುವ ಆ ಲಾಂಚಿಗೆ ಅಪ್ಪ ಚಾಲಕ, ಮಗಳು ಉಳಿದದ್ದೆಲ್ಲ.

"ನಾನು ಸರಿದ್ರೆ ಲಾಂಚೂ ಸರಿಯುತ್ತೆ ಸ್ವಾಮಿ. ಐವತ್ತು ಜನ ನೀರಿಗೆ ಬಿದ್ಮೇಲೆ ಗ್ರೂಪ್ ಫೋಟೋ ತೆಗೀತೀರೇನು?"

ಅವನು ನಕ್ಕ. ಹಾಳಾದವನು, ಎಷ್ಟು ಚೆನ್ನಾಗಿ ನಕ್ಕ!

ಹೊಳೆದಂಡೆಯ ಆ ಪುಟ್ಟ ಪಟ್ಟಣದ ಚಿತ್ರಪುಸ್ತಕ ಮಾಡಲು ಬಂದವನು ಹನ್ನೊಂದು ದಿನ ಉಳಿದ. ಕ್ಯಾಮೆರಾವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ಮುಂದೆ ಕಪ್ಪು ಗಾಜು ಸಿಕ್ಕಿಸಿ, ಗುಂಡಿ ಒತ್ತಿ ಮೂವತ್ತರವರೆಗೆ ಎಣಿಸುತ್ತಿದ್ದ. ಅವನ ಮೂಗಿನ ದನಿಯಲ್ಲೇ ಅವಳು "ಒಂದೂಊ... ಎರಡೂಊ..." ಎಂದು ಅಣಕಿಸಿದರೆ ಇಡೀ ಲಾಂಚ್ ನಗೆಯಲ್ಲಿ ಓಲಾಡುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನೇ.

ಹೊರಡುವ ದಿನ ಅವನು ನಗಲಿಲ್ಲ.

"ಪುಸ್ತಕ ತಗೊಂಡು ನಾನೇ ಬರ್ತೀನಿ. ನಿಮ್ಮಪ್ಪನ ಹತ್ರ ಮಾತಾಡ್ತೀನಿ."

"ಅದರಲ್ಲಿ ನಾನಿರ್ತೀನಾ?"

"ನೀನಿಲ್ಲದ ಚಿತ್ರ ಎಲ್ಲಿದೆ ಹೇಳು!"

ಅವಳು ಅದನ್ನು ಪ್ರಯಾಣಿಕರಿಗೆಲ್ಲ ಹೇಳಿಕೊಂಡಳು. ಹೇಳಬಾರದಿತ್ತು...

ಆರು ತಿಂಗಳಿಗೆ ಪುಸ್ತಕ ಬಂತು. ಅಂಚೆಯಲ್ಲಿ.

ಸೋದರತ್ತೆ ಲಾಂಚಿನಲ್ಲೇ ಹಾಳೆ ಮಗುಚಿದಳು. "ಎಲ್ಲೇ ನೀನು? ಫೋಟೋ ತೆಗೆಯೋವಾಗ ಮುಳುಗು ಹಾಕಿದ್ಯಾ?"

ಜನ ನಕ್ಕರು. ಅಪ್ಪ ಮಾತ್ರ ನಗಲಿಲ್ಲ.

ಪುಸ್ತಕದ ತುಂಬ ಹಾಲಿನಂತೆ ನಯವಾದ ಹೊಳೆ. ಖಾಲಿ ಮೆಟ್ಟಿಲು, ಖಾಲಿ ಸಂತೆಬೀದಿ. ಒಂದು ನರಪಿಳ್ಳೆಯೂ ಇಲ್ಲ! ಕಟ್ಟೆಯ ಚಿತ್ರದಲ್ಲಿ ಅವಳ ಹಗ್ಗ ಮಾತ್ರ ಎಳೆ ಎಳೆಯಾಗಿ ಸ್ಪಷ್ಟವಿತ್ತು.

'ನಾನು ಹಾಕಿದ ಗಂಟಿದೆ. ಗಂಟು ಹಾಕಿದ ನಾನಿಲ್ಲ...'

ಅಂದೇ ಅವನ ನಂಬರನ್ನು ಬ್ಲಾಕ್ ಮಾಡಿದಳು. ಆದರೂ ಪ್ರತಿ ಸಲ ದಡ ಹತ್ತಿರವಾದಾಗ ಕಣ್ಣು ಕಟ್ಟೆಯ ಕಡೆಗೇ ಹೋಗುತ್ತಿತ್ತು. ನಾಚಿಕೆಗೆಟ್ಟ ಕಣ್ಣು!

ಎರಡು ವರ್ಷ ಕಳೆದ ಮೇಲೆ, ಒಂದು ಮಧ್ಯಾಹ್ನ, ಕಟ್ಟೆಯ ಮೇಲೆ ಅವನಿದ್ದ. ಅದೇ ಮೂರು ಕಾಲಿನ ಕ್ಯಾಮೆರಾ. ಲಾಂಚ್ ನಡೆಸುತ್ತಿದ್ದವಳು ಅವಳೇ. ಜನರನ್ನೆಲ್ಲ ಇಳಿಸಿ, ಹಗ್ಗ ಕಟ್ಟಿದ ಮೇಲೆ ಅವಳು ಅವನ ಕಡೆ ತಿರುಗಿದಳು.

"ಸ್ವಲ್ಪ ಸರೀತೀರಾ? ಅಡ್ಡ ಬರ್ತಿದ್ದೀರ."

"ಒಂದು ಮಾತು ಕೇಳು... ಕ್ಯಾಮೆರಾ ಕಣ್ಣು ಮೂವತ್ತು ಸೆಕೆಂಡ್ ತೆರೆದಿದ್ರೆ ನಿಂತಿದ್ದು ಮಾತ್ರ ಮೂಡುತ್ತೆ. ಓಡಾಡೋರು ಅಳಿಸಿಹೋಗ್ತಾರೆ. ನೀನು ಒಂದು ಕ್ಷಣನೂ ನಿಲ್ತಿರಲಿಲ್ಲ..."

"ಓಹೋ! ತಪ್ಪು ನನ್ನದೇ ಅನ್ನು!"

"ಅಲ್ಲ." ಅವನು ತಲೆ ತಗ್ಗಿಸಿದ. "ನಿನ್ನ ಬೇರೆ ಚಿತ್ರಗಳಿದ್ವು, ನಗ್ತಿರೋವು. ಪುಸ್ತಕದೋರು ಜನ ಬೇಡ, ಊರು ಸಾಕು ಅಂದ್ರು. ನಾನು ಹೂಂ ಅಂದೆ. ಆ ಪುಸ್ತಕ ಹಿಡ್ಕೊಂಡು ನಿನ್ನ ಮುಂದೆ ಬರೋಕೆ ಮುಖ ಇರಲಿಲ್ಲ. ಹೇಡಿ ನಾನು."

ಆ ಚಿತ್ರಗಳನ್ನಿಟ್ಟು ಅವನು ಚಾಚಿದ ಲಕೋಟೆಯನ್ನು ಅವಳು ಮುಟ್ಟಲಿಲ್ಲ.

"ಅಪ್ಪನ ಹತ್ರ ಮಾತಾಡ್ತೀನಿ ಅಂದಿದ್ದೆ ಅಲ್ವಾ? ಹೋದ ವರ್ಷ ತೀರ್ಕೊಂಡ್ರು. ಕೊನೇ ವಾರದಲ್ಲೂ, 'ಕ್ಯಾಮೆರಾದವನು ಬಂದನೇನಮ್ಮಾ' ಅಂತ ಕೇಳ್ತಿದ್ರು. ಅವರಿಗೆ ಏನು ಹೇಳ್ಬೇಕಿತ್ತು, ಹೇಳು!"

ಅವನು ಚಾಚಿದ ಕೈ ಹಿಂದೆಗೆದ.

"ಕ್ಷಮಿಸು ಅನ್ನಲ್ಲ. ನೀನು ಬೇಕು... ಅಷ್ಟು ಹೇಳೋಕೆ ಬಂದೆ."

'ಹೋಗು' ಎನ್ನಬೇಕು. ನಾಲಿಗೆಯ ತುದಿಗೇ ಬಂದಿತ್ತು. ಆದರೆ ಬಾಯಿಂದ ಬಂದದ್ದೇ ಬೇರೆ.

"ಆ ಹಗ್ಗದ ಪಕ್ಕ ನಿಲ್ಲು."

ಅವನು ನಿಂತ. ಅವಳು ಕ್ಯಾಮೆರಾದ ಹಿಂದೆ ಹೋಗಿ, ಅವನು ತೋರಿಸಿದ ಗುಂಡಿ ಒತ್ತಿದಳು.

"ಒಂದೂಊ... ಎರಡೂಊ..."

ಅದೇ ಮೂಗಿನ ದನಿ. ಹದಿನೈದಕ್ಕೆ ಬರುವಷ್ಟರಲ್ಲಿ ಅಣಕ ಕರಗಿ ಅವಳದೇ ದನಿಯಾಗಿತ್ತು, ಒಡೆದ ದನಿ.

"ಮೂವತ್ತು... ಮೂವತ್ತೊಂದು..."

"ಮೂವತ್ತಾಯ್ತಲ್ಲ?"

"ಅದು ಊರಿಗೆ ಸಾಕು. ಅಲ್ಲಾಡಬೇಡ."

"ಇನ್ನೂ ಎಷ್ಟು ಹೊತ್ತು?"

"ಎರಡು ವರ್ಷ ನಾನು ನಿಂತಿದ್ದೆ ಕಣೋ."

ಅವನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಲಿಲ್ಲ.

"ನಿಂತಿದ್ದೀನಿ ಕಣೇ. ನೀನು ಎಣಿಸು."

"ಮೂವತ್ತೆರಡು..."